ಕಿನ್ನಿಕಂಬಳ ಪದ್ಮನಾಭರಾಯರೂ ಕನ್ನಡದ ಕೀಲಿಮಣೆಯೂ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಜೋಗದ ಜಲಪಾತಕ್ಕೆ ಅನತಿದೂರದಲ್ಲಿ, ೧೯೬೪ರಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟಿನ ಸಮೀಪದಲ್ಲಿ ಕಾರ್ಗಲ್ ಎಂಬ ಊರಿದೆ. ಊರಿನ ಚರಿತ್ರೆಯು ಈ ಲೇಖನದ ವಿಷಯವಲ್ಲ. ಅದರ ಹೆಸರಿನ ಬರೆಹವೊಂದೇ ಪ್ರಕೃತಕ್ಕೆ ಬೇಕಾದುದು. ಈ ಹೆಸರನ್ನು ಉಚ್ಚರಿಸುವವನ ಬಾಯಲ್ಲಿ ರೇಫವು ಮೊದಲು ಹೊರಟು ಗಕಾರವು ಅದರ ಹಿಂದೆ ಬರುತ್ತದೆ. ಬರೆಯುವವನ ಕೈಯಾದರೋ ಗಕಾರವನ್ನು ಮೊದಲು ಬರೆದು ಅರ್ಕಾವೊತ್ತನ್ನು ಅದರ ಬಲಕ್ಕೆ ಆಮೇಲೆ ಇಡುತ್ತದೆ. ಕೊನೆಯ ಲಕಾರಕ್ಕೆ ಸ್ವರವಿಲ್ಲ. ಉಚ್ಚಾರಣೆಯಲ್ಲಿ ಅದು ಲಕಾರಕ್ಕಿಂತ ಕಡಮೆಯಾದುದು, ಬರೆಹದಲ್ಲಿ ಅದಕ್ಕಿಂತ ಒಂದು ಗೆರೆ ಹೆಚ್ಚು. ಮೂರೇ ಅಕ್ಷರಗಳ ಒಂದು ಹೆಸರಿನಲ್ಲಿ ಬಾಯ ಕ್ರಮಕ್ಕೂ ಕೈಯ ಕ್ರಮಕ್ಕೂ ಹೀಗೆ ಎರಡೆಡೆ ಭೇದವಿರುವುದು. ಶಾಲೆಯ ಹುಡುಗನು ಈ ಭೇದವನ್ನು ಲಕ್ಷಿಸದೆಯೇ ಕಲಿತುಬಿಡುತ್ತಾನೆ. ಯಂತ್ರಕ್ಕೆ ಕನ್ನಡವನ್ನು ಕಲಿಸಹೊರಟಾಗ ಮಾತ್ರ ಪ್ರಶ್ನೆಯು ಎದ್ದು ನಿಲ್ಲುತ್ತದೆ: ಯಂತ್ರವು ಅನುಸರಿಸಬೇಕಾದುದು ಬಾಯನ್ನೋ, ಕೈಯನ್ನೋ?

ಈ ಪ್ರಶ್ನೆಗೆ ಕನ್ನಡಿಗರ ಬೆರಳುಗಳಿಗೆ ಒಗ್ಗುವಂತಹ ಉತ್ತರವನ್ನು ಕೊಟ್ಟವರು ಕಿನ್ನಿಕಂಬಳ ಪದ್ಮನಾಭರಾಯರು. ಕೆ. ಪಿ. ರಾವ್ ಎಂಬ ಹೆಸರಿನಿಂದಲೇ ಅವರು ಹೆಚ್ಚಾಗಿ ಪ್ರಸಿದ್ಧರು. ಅಣುಶಕ್ತಿಯ ಪ್ರಯೋಗಶಾಲೆ, ಮೂಲವಿಜ್ಞಾನದ ಸಂಶೋಧನ ಸಂಸ್ಥೆ, ಅಚ್ಚಿನ ಯಂತ್ರಗಳ ಕಂಪನಿ, ತಾಂತ್ರಿಕ ವಿದ್ಯಾಲಯ, ಇಷ್ಟೆಡೆಗಳಲ್ಲಿ ಕೆಲಸಮಾಡಿದ ಒಬ್ಬ ಗಣಕವಿಜ್ಞಾನಿಯ ವೃತ್ತಿಜೀವನವು ಕೊನೆಗೆ ಐವತ್ತು ಅಕ್ಷರಗಳ ಒಂದು ಚಿಕ್ಕ ಪಟ್ಟಿಯಲ್ಲಿ ಫಲಿಸಿದುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗುವುದು.

ಅವರ ಕೆಲಸದ ಬೆಲೆಯು ಗೊತ್ತಾಗಬೇಕಾದರೆ ಅದಕ್ಕೆ ಹಿಂದಿನ ಕಷ್ಟವನ್ನು ಮೊದಲು ತಿಳಿಯಬೇಕು. ಹಳಗನ್ನಡದ ಱಕಾರ ೞಕಾರಗಳನ್ನು ಬಿಟ್ಟರೆ ಕನ್ನಡದ ವ್ಯಂಜನಗಳು ೩೪; ಬಳಕೆಯಲ್ಲಿರುವ ಸ್ವರಗಳು ೧೩. ಇವುಗಳಿಂದ ಆಗುವ ಗುಣಿತಾಕ್ಷರಗಳು ೪೪೨. ಒಂದು ವ್ಯಂಜನಕ್ಕೆ ಇನ್ನೊಂದನ್ನು ಒತ್ತಾಗಿ ಸೇರಿಸಿ ಅದಕ್ಕೆ ಸ್ವರವನ್ನು ಕೂಡಿಸಿದರೆ, ಲೆಕ್ಕದ ಪ್ರಕಾರ, ೧೫,೦೨೮ ಸಂಯುಕ್ತಾಕ್ಷರಗಳು ಸಾಧ್ಯ. ಇವುಗಳಲ್ಲಿ ಭಾಷೆಯು ನಿಜವಾಗಿ ಬಳಸುವುದು ಅಲ್ಪ ಭಾಗವೆಂಬುದು ದಿಟವೇ. ಆದರೂ ಅಚ್ಚುಕೂಟದವನು ಅವುಗಳಿಗೆ ಸಿದ್ಧನಾಗಿರಲೇಬೇಕು. ಒಂದೊಂದು ಅಕ್ಷರಕ್ಕೂ ಒಂದೊಂದು ಮೊಳೆಯನ್ನು ಎರಕಹೊಯ್ಯುವುದು ಅಸಾಧ್ಯವಾದುದರಿಂದ, ೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವು ಹುಟ್ಟಿದಂದಿನಿಂದಲೂ ಮುದ್ರಕರು ಹಿಡಿದ ದಾರಿಯು ಅಕ್ಷರವನ್ನು ತುಂಡುಮಾಡುವುದು. ತಲೆಕಟ್ಟು, ಇಳಿ, ಕೊಂಬು, ಗುಡಿಸು, ಒತ್ತು ಇವನ್ನು ಬೇರೆಬೇರೆ ಮೊಳೆಗಳಾಗಿ ಮಾಡಿಕೊಂಡು, ಜೋಡಿಸುವವನು ಕಣ್ಣಿಗೆ ಕಂಡಂತೆ ಎಡದಿಂದ ಬಲಕ್ಕೆ ಸೇರಿಸುತ್ತ ಹೋಗುವುದು. ಇಷ್ಟಾದರೂ ಕನ್ನಡದ ಅಚ್ಚಿನ ಮಣೆಗೆ ಇಂಗ್ಲಿಷಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಗೂಡುಗಳು ಬೇಕಾಗುತ್ತಿದ್ದವು.

ಬೆರಳಚ್ಚಿನ ಯಂತ್ರ ಬಂದಾಗ ಗೂಡುಗಳನ್ನು ಹೆಚ್ಚಿಸುವ ಅವಕಾಶವೂ ಉಳಿಯಲಿಲ್ಲ. ಇಂಗ್ಲಿಷಿಗೆಂದು ಮಾಡಿದ ಯಂತ್ರದಲ್ಲಿ ಸುಮಾರು ೪೫ ಕೀಲಿಗಳು. ಒಂದೊಂದಕ್ಕೆ ಎರಡು ಆಕಾರಗಳು. ಅಷ್ಟರಲ್ಲಿ ಕನ್ನಡವನ್ನೆಲ್ಲ ಅಡಗಿಸಬೇಕು. ಕೆ. ಅನಂತಸುಬ್ಬರಾಯರು ಈ ಸಮಸ್ಯೆಯನ್ನು ಬಹು ಜಾಣ್ಮೆಯಿಂದ ಬಿಡಿಸಿ ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಗಳನ್ನು ಯೋಜಿಸಿದರು. ಸರಕಾರಿ ಕಚೇರಿಗಳ ಕನ್ನಡವು ದಶಕಗಳ ಕಾಲ ಆ ಯೋಜನೆಯ ಮೇಲೆಯೇ ನಡೆಯಿತು. ಆದರೆ ಅಲ್ಲಿಯೂ ತತ್ತ್ವವು ಮೊಳೆಯ ಅಚ್ಚಿನದೇ. ಕೀಲಿಗೆ ತಿಳಿದಿರುವುದು ಆಕಾರದ ಒಂದು ತುಂಡು. ಧ್ವನಿಯ ಗಂಧವೂ ಅದಕ್ಕಿಲ್ಲ. ಕಾರ್ಗಲ್ ಎಂದು ಬೆರಳಚ್ಚಿಸುವ ಗುಮಾಸ್ತನು ಗಕಾರವನ್ನು ಹೊಡೆದು ಆಮೇಲೆ ಅರ್ಕಾವೊತ್ತನ್ನು ಹೊಡೆಯಬೇಕು.

ಇದೇ ಕಾಲದಲ್ಲಿ ಲಿಪಿಸುಧಾರಣೆಯ ಮಾತೂ ವಿದ್ವತ್ಸಭೆಗಳಲ್ಲಿ ಕೇಳಬರುತ್ತಿದ್ದಿತು. ಒತ್ತಕ್ಷರಗಳನ್ನು ಕೈಬಿಟ್ಟು ಹಲಂತ ಚಿಹ್ನೆಯಿಂದ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಬಾರದೇಕೆ, ಮಹಾಪ್ರಾಣಗಳನ್ನು ಕಡಮೆಮಾಡಬಾರದೇಕೆ ಎಂಬ ಬಗೆಯ ಸಲಹೆಗಳು ಮುದ್ರಣದ ಸೌಕರ್ಯವನ್ನು ಮುಂದಿಟ್ಟುಕೊಂಡು ಹೊರಟವು. ಸಲಹೆಯನ್ನು ಕೊಟ್ಟವರು ಭಾಷೆಯ ಹಿತವನ್ನೇ ಬಯಸಿದವರು. ಅವರನ್ನು ಹಳಿಯುವುದು ನ್ಯಾಯವಲ್ಲ. ಕಣ್ಣೆದುರಿಗಿದ್ದ ಯಂತ್ರವು ಲೋಹದ್ದು, ಅದು ಬಗ್ಗುವಂತಿರಲಿಲ್ಲ. ಬಗ್ಗಬಹುದಾದುದು ಲಿಪಿಯೊಂದೇ ಎಂದು ಅವರಿಗೆ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾವಿರದೈನೂರು ವರ್ಷಗಳಿಂದ ಬೆಳೆದುಬಂದ ಬರೆಹವೊಂದು ಒಂದು ಶತಮಾನದ ಯಂತ್ರಕ್ಕಾಗಿ ಅಂಗಚ್ಛೇದವನ್ನು ಮಾಡಿಕೊಳ್ಳಬೇಕೇ ಎಂಬುದೇ ಅಂದು ಇತ್ಯರ್ಥವಾಗದೆ ಉಳಿದ ವಿಷಯ.

ಪದ್ಮನಾಭರಾಯರು ೧೯೪೦ರ ಫೆಬ್ರವರಿ ೨೯ರಂದು ಮಂಗಳೂರಿಗೆ ಸಮೀಪದ ಕಿನ್ನಿಕಂಬಳ ಗ್ರಾಮದಲ್ಲಿ ಜನಿಸಿದರು. ವಿಜ್ಞಾನವನ್ನು ಓದಿ ಮುಂಬಯಿಗೆ ಹೋಗಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆಯನ್ನು ಸೇರಿದರು. ೧೯೫೪ರಲ್ಲಿ ಸ್ಥಾಪಿತವಾಗಿದ್ದ ಆ ಸಂಸ್ಥೆಗೆ ೧೯೬೭ರಲ್ಲಿ ಹೋಮಿ ಭಾಭಾ ಅವರ ಹೆಸರನ್ನು ಇಡಲಾಯಿತು. ಅನಂತರ ಅವರು ಬಂದುದು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ. ಭಾರತದಲ್ಲಿ ಗಣಕವಿಜ್ಞಾನವು ಬೇರೂರಿದ ಸ್ಥಳಗಳಲ್ಲಿ ಇದು ಅಗ್ರಗಣ್ಯವಾದುದು. ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಇಲ್ಲಿಯ ತರುಣರು ದೇಶದಲ್ಲಿಯೇ ನಿರ್ಮಿಸಿದ ಟಿಫ್ರ್ಯಾಕ್ ಎಂಬ ಗಣಕಯಂತ್ರವು ೧೯೬೦ರಲ್ಲಿ ಕೆಲಸಕ್ಕೆ ನಿಂತಿತು. ೧೯೬೪ರಲ್ಲಿ ಅಮೆರಿಕದ ಸಿ.ಡಿ.ಸಿ. ೩೬೦೦ ಎಂಬ ದೊಡ್ಡ ಯಂತ್ರವು ಬಂದಿತು. ಕಾರ್ಗಲ್ಲಿನ ಬಳಿ ಶರಾವತಿಗೆ ಕಟ್ಟೆ ಬಿದ್ದ ವರುಷವೂ ಅದೇ. ಇಂತಹ ಯಂತ್ರಗಳು ಅಂಕಿಗಳ ಲೆಕ್ಕಕ್ಕೆಂದು ಬಂದವುಗಳಾದರೂ, ಲಿಪಿ ಮತ್ತು ಭಾಷೆಗಳ ಪ್ರಶ್ನೆಗಳನ್ನು ಅವುಗಳ ಮುಂದಿಡುವ ಕುತೂಹಲವು ನರಸಿಂಹನ್ ಅವರ ಬಳಗದಲ್ಲಿ ಮೊದಲಿನಿಂದಲೂ ಇದ್ದಿತು.

ಆ ಕುತೂಹಲದ ಒಂದು ಫಲವು ಸಿಂಧೂಲಿಪಿಯ ಅಭ್ಯಾಸ. ಐರಾವತಂ ಮಹಾದೇವನ್ ಅವರು ಸಿಂಧೂಕಣಿವೆಯ ಮುದ್ರೆಗಳ ಬರೆಹಗಳನ್ನೆಲ್ಲ ಕಲೆಹಾಕಿ, ಯಾವ ಚಿಹ್ನೆ ಯಾವುದರ ಪಕ್ಕದಲ್ಲಿ ಎಷ್ಟು ಸಲ ಬರುತ್ತದೆಂಬುದನ್ನು ಈ ಸಂಸ್ಥೆಯ ಗಣಕಯಂತ್ರದಿಂದ ವಿಂಗಡಿಸಿ ಸಿದ್ಧಪಡಿಸಿದ ಪದಸೂಚಿಯನ್ನು ೧೯೭೭ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯು ಪ್ರಕಟಿಸಿತು. ಅದರಲ್ಲಿ ಗುರುತಿಸಿದ ಚಿಹ್ನೆಗಳು ೪೧೭. ಪದ್ಮನಾಭರಾಯರೂ ಈ ಲಿಪಿಯ ಅಭ್ಯಾಸದಲ್ಲಿ ತೊಡಗಿದ್ದವರು. ಮುಂದೆ ಅವರು ಕನ್ನಡಕ್ಕೆ ಮಾಡಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಸಿಂಧೂಲಿಪಿಯ ಚಿಹ್ನೆಗೆ ಧ್ವನಿಯು ಯಾವುದೆಂದು ಯಾರಿಗೂ ತಿಳಿಯದು. ಆದುದರಿಂದ ಯಂತ್ರಕ್ಕೆ ಒಪ್ಪಿಸಬಹುದಾದುದು ಆಕಾರವೊಂದನ್ನೇ. ಮೀನಿನಂತಿರುವುದಕ್ಕೆ ಒಂದು ಸಂಖ್ಯೆ, ಕೊಡದಂತಿರುವುದಕ್ಕೆ ಇನ್ನೊಂದು. ಕನ್ನಡದ ಸ್ಥಿತಿ ಹೀಗಲ್ಲ. ಇಲ್ಲಿ ಒಂದೊಂದು ಗೆರೆಯ ಹಿಂದಿರುವ ಧ್ವನಿಯೂ ಕೇಶಿರಾಜನ ಕಾಲದಿಂದ ವ್ಯಾಕರಣದಲ್ಲಿ ಪಟ್ಟಿಯಾಗಿ ಬಂದಿದೆ. ಆದರೂ ಕನ್ನಡವನ್ನು ಯಂತ್ರಕ್ಕೆ ಕೊಡುವಾಗ, ಓದಲಾರದ ಲಿಪಿಯೊಂದನ್ನು ಕೊಡುವಂತೆಯೇ, ಆಕಾರದ ತುಂಡುಗಳನ್ನು ಕೊಡುತ್ತ ಬಂದುದು ವಿಚಿತ್ರವಲ್ಲವೇ?

ಸಂಶೋಧನ ಸಂಸ್ಥೆಯಿಂದ ಅವರು ಉದ್ಯಮಕ್ಕೆ ಬಂದರು. ಅಕ್ಷರಸಂಯೋಜನೆಯ ಯಂತ್ರಗಳಿಗೆ ಜಗತ್ಪ್ರಸಿದ್ಧವಾದ ಮಾನೋಟೈಪ್ ಕಂಪನಿಯ ಭಾರತೀಯ ಶಾಖೆಯಲ್ಲಿ ಅವರು ಕೆಲಸ ಮಾಡಿದರು. ಆ ಕಾಲಕ್ಕೆ ಸೀಸದ ಮೊಳೆಗಳ ಯುಗವು ಮುಗಿಯುತ್ತ ಬಂದು, ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರವನ್ನು ಮೂಡಿಸುವ ಪದ್ಧತಿಯು ಕಾಲಿಟ್ಟಿದ್ದಿತು. ಅದರ ಬೆನ್ನಲ್ಲಿಯೇ ಮೇಜಿನ ಮೇಲಿನ ಗಣಕಯಂತ್ರವೂ ಬಂದಿತು. ಭಾರತದ ಲಿಪಿಗಳನ್ನು ಈ ಹೊಸ ಪದ್ಧತಿಗೆ ಹೊಂದಿಸುವುದು ಅವರ ಕ್ಷೇತ್ರ.

ಮಾನೋಟೈಪ್ ಯಂತ್ರದ ರಚನೆಯನ್ನು ಇಲ್ಲಿ ಸ್ವಲ್ಪ ಹೇಳುವುದು ಉಚಿತ. ಬೆರಳಚ್ಚು ಯಂತ್ರದಲ್ಲಿ ಇಲ್ಲದ ಒಂದು ವಿವೇಕ ಅದರಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಟೋಲ್ಬರ್ಟ್ ಲ್ಯಾನ್ಸ್ಟನ್ ಎಂಬಾತನು ಯೋಜಿಸಿದ ಈ ಸಾಧನದಲ್ಲಿ ಎರಡು ಬೇರೆಬೇರೆ ಯಂತ್ರಗಳಿದ್ದವು. ಒಂದು ಕೀಲಿಮಣೆ, ಅದರ ಮುಂದೆ ಕುಳಿತವನು ಕೀಲಿಗಳನ್ನು ಒತ್ತಿದಂತೆಲ್ಲ ಕಾಗದದ ಪಟ್ಟಿಯೊಂದರಲ್ಲಿ ತೂತುಗಳು ಬೀಳುತ್ತಿದ್ದವು. ಇನ್ನೊಂದು ಎರಕದ ಯಂತ್ರ. ಅದು ಆ ತೂತುಗಳನ್ನು ಓದಿಕೊಂಡು ಕಾದ ಲೋಹದಿಂದ ಅಕ್ಷರಗಳನ್ನು ಎರೆಯುತ್ತಿದ್ದಿತು. ಎಂದರೆ, ಬೆರಳು ಒತ್ತಿದುದಕ್ಕೂ ಕಾಗದದ ಮೇಲೆ ಮೂಡುವ ಆಕಾರಕ್ಕೂ ನಡುವೆ ಒಂದು ಸಂಕೇತದ ಪಟ್ಟಿಯಿದ್ದಿತು. ಬೆರಳಚ್ಚು ಯಂತ್ರದಲ್ಲಿ ಕೀಲಿಗೂ ಆಕಾರಕ್ಕೂ ನಡುವೆ ಇರುವುದು ಒಂದು ಲೋಹದ ತೋಳು; ಒತ್ತಿದುದೇ ಮೂಡಬೇಕು. ನಡುವೆ ಸಂಕೇತವಿದ್ದರೆ ಬರೆಯುವವನ ಕ್ರಮ ಒಂದಾಗಿದ್ದು ತೋರುವ ಕ್ರಮ ಇನ್ನೊಂದಾಗಿರಬಹುದು. ಗಣಕಯಂತ್ರದಲ್ಲಿ ಈ ನಡುವಣ ಪಟ್ಟಿಯು ಯೋಚಿಸುವ ಶಕ್ತಿಯುಳ್ಳ ಪಟ್ಟಿಯಾಗುತ್ತದೆ. ಬಂದ ಸಂಕೇತವನ್ನು ಅದರ ಹಿಂದುಮುಂದಿನ ಸಂಕೇತಗಳೊಡನೆ ಹೋಲಿಸಿ ಯಾವ ಆಕಾರವನ್ನು ತೋರಿಸಬೇಕೆಂದು ಅದು ತಾನೇ ನಿರ್ಣಯಿಸಬಲ್ಲುದು. ಸಿದ್ಧಾಂತವಾಗಿ ಇದನ್ನು ತಿಳಿದ ಗಣಕವಿಜ್ಞಾನಿಗಳು ಹಲವರಿದ್ದರು, ಅಚ್ಚುಮೊಳೆಯ ಸೂಕ್ಷ್ಮಗಳನ್ನು ಕಂಡ ಮುದ್ರಕರೂ ಹಲವರಿದ್ದರು. ಎರಡನ್ನೂ ಬಲ್ಲವರು ವಿರಳ. ಪದ್ಮನಾಭರಾಯರಿಗೆ ಸಂಶೋಧನ ಸಂಸ್ಥೆಯ ಜೊತೆಗೆ ಕಂಪನಿಯ ಅನುಭವವೂ ಒದಗಿದುದು ಕನ್ನಡದ ಪಾಲಿಗೆ ದೊಡ್ಡ ಲಾಭವಾಯಿತು.

ಇನ್ನು ಕೀಲಿಮಣೆಯ ವಿಷಯ. ಪದ್ಮನಾಭರಾಯರ ಯೋಜನೆಯಲ್ಲಿ ಬಳಸುವುದು ಇಂಗ್ಲಿಷ್ ಅಕ್ಷರಗಳ ೨೬ ಕೀಲಿಗಳನ್ನು ಮಾತ್ರ. ಷಿಫ್ಟ್ ಕೀಲಿಯನ್ನು ಹಿಡಿದು ಒತ್ತುವುದನ್ನೂ ಸೇರಿಸಿದರೆ ಸ್ಥಾನಗಳು ೫೨. ಇವುಗಳಲ್ಲಿ ೧೩ ಸ್ವರಗಳು, ೩೪ ವ್ಯಂಜನಗಳು, ಅನುಸ್ವಾರ, ವಿಸರ್ಗ ಮತ್ತು ಹಲಂತ ಚಿಹ್ನೆ ಸೇರಿ ೫೦ ಸ್ಥಾನಗಳು ತುಂಬುತ್ತವೆ. ಉಳಿಯುವುವು ಎರಡೇ. ಹದಿನೈದು ಸಾವಿರ ಸಂಯುಕ್ತಾಕ್ಷರಗಳ ಲಿಪಿಯು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿತೆಂಬುದು ಇಂದ್ರಜಾಲದಂತೆ ತೋರಬಹುದು. ಆದರೆ ಕನ್ನಡದ ಅಕ್ಷರಮಾಲೆಯೇ ಅಷ್ಟು ಚಿಕ್ಕದು. ಅಗಾಧವಾದುದು ಅದರಿಂದ ಹುಟ್ಟುವ ಆಕಾರಗಳ ಸಂಖ್ಯೆ. ಕೀಲಿಗಳಿಗೆ ಅಕ್ಷರಮಾಲೆಯನ್ನು ಕೊಟ್ಟು ಆಕಾರಗಳನ್ನು ಯಂತ್ರಕ್ಕೆ ಬಿಟ್ಟುದರಿಂದ ಲೆಕ್ಕವು ಸರಿಹೋಯಿತು.

ಕೀಲಿಗಳ ಹಂಚಿಕೆಯು ಬಹುಮಟ್ಟಿಗೆ ಧ್ವನಿಯನ್ನು ಅನುಸರಿಸಿದೆ. ಕೆ ಎಂಬ ಕೀಲಿಗೆ ಕಕಾರ, ಷಿಫ್ಟಿನೊಡನೆ ಅದರ ಮಹಾಪ್ರಾಣವಾದ ಖಕಾರ. ಜಿ ಎಂಬುದಕ್ಕೆ ಗಕಾರ ಘಕಾರಗಳು. ಪಿ ಎಂಬುದಕ್ಕೆ ಪಕಾರ ಫಕಾರಗಳು. ಹ್ರಸ್ವಸ್ವರದ ಮೇಲ್ಮನೆಯಲ್ಲಿ ದೀರ್ಘಸ್ವರ. ಇಂಗ್ಲಿಷಿನಲ್ಲಿ ಸಾಟಿಯಿಲ್ಲದ ಧ್ವನಿಗಳಿಗೆ ಮಿಕ್ಕ ಕೀಲಿಗಳು ಸಂದಿವೆ: ಕ್ಯೂ ಎಂಬುದಕ್ಕೆ ಟಕಾರ ಠಕಾರಗಳು, ಡಬ್ಲ್ಯು ಎಂಬುದಕ್ಕೆ ಡಕಾರ ಢಕಾರಗಳು, ಎಕ್ಸ್ ಎಂಬುದಕ್ಕೆ ಷಕಾರ, ಝೆಡ್ ಕೀಲಿಗೆ ಞಕಾರವೂ ಅದರ ಮೇಲೆ ಙಕಾರವೂ. ಎಫ್ ಎಂಬ ಕೀಲಿಯು ಹಲಂತಕ್ಕೆ ಮೀಸಲು. ಇಡೀ ಯೋಜನೆಯ ಅಚ್ಚಾಣಿಯೇ ಅದು.

ಕೆ ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ಕಕಾರವೇ ಮೂಡುತ್ತದೆ. ಅದರ ಹಿಂದೆ ಬೇರೆ ಸ್ವರದ ಕೀಲಿಯನ್ನು ಒತ್ತಿದರೆ ಕಾಗುಣಿತವು ತಾನಾಗಿ ಆಗುತ್ತದೆ. ಪದದ ಆದಿಯಲ್ಲಿ ಅದೇ ಕೀಲಿಯನ್ನು ಒತ್ತಿದರೆ ಪೂರ್ಣಸ್ವರವು ಬರುತ್ತದೆ. ಸ್ವರಕ್ಕೆ ಒಂದು ಕೀಲಿ, ಸ್ವರಚಿಹ್ನೆಗೆ ಇನ್ನೊಂದು ಎಂಬ ದ್ವೈತವಿಲ್ಲ. ಹಲಂತದ ಕೀಲಿಯನ್ನೊತ್ತಿ ಮುಂದಿನ ವ್ಯಂಜನವನ್ನು ಒತ್ತಿದರೆ ಅದು ಒತ್ತಾಗಿ ಕೆಳಗಿಳಿಯುತ್ತದೆ. ಈಗ ಕಾರ್ಗಲ್ ಎಂಬುದನ್ನು ಬರೆದು ನೋಡಬಹುದು: ಕೆ, ಷಿಫ್ಟಿನೊಡನೆ ಎ, ಆರ್, ಎಫ್, ಜಿ, ಎಲ್, ಎಫ್. ಏಳು ಸಲ ಒತ್ತಿದರೆ ಮುಗಿಯಿತು. ರೇಫವನ್ನು ಒತ್ತಿ, ಅದರ ಸ್ವರವನ್ನು ತೆಗೆದು, ಗಕಾರವನ್ನು ಒತ್ತಿದ ಕ್ಷಣದಲ್ಲಿ ಯಂತ್ರವು ರೇಫವನ್ನು ಗಕಾರದ ಬಲಕ್ಕೆ ಒಯ್ದು ಅರ್ಕಾವೊತ್ತಾಗಿ ಇಡುತ್ತದೆ. ಬೆರಳು ಬಾಯನ್ನು ಅನುಸರಿಸಿತು, ತೆರೆಯು ಕೈಯನ್ನು ಅನುಸರಿಸಿತು. ಬೆರಳಚ್ಚು ಯಂತ್ರದಲ್ಲಿ ಒಂದೇ ಆಗಿರಲೇಬೇಕಾಗಿದ್ದ ಎರಡು ಕ್ರಮಗಳು ಇಲ್ಲಿ ಪರಸ್ಪರ ಬಾಧಕವಿಲ್ಲದೆ ಇರುತ್ತವೆ. ಒತ್ತಕ್ಷರವನ್ನು ಬಿಡಬೇಕೆಂಬ ವಾದಕ್ಕೆ ಇದ್ದ ಕಾರಣವು ಇದರಿಂದ ಇಲ್ಲವಾಯಿತು.

ಈ ತತ್ತ್ವವು ಪದ್ಮನಾಭರಾಯರೊಬ್ಬರದೇ ಶೋಧವೆಂದು ಹೇಳುವುದು ಸರಿಯಾಗಲಾರದು. ಭಾರತೀಯ ಲಿಪಿಗಳಿಗೆಲ್ಲ ಧ್ವನಿಯೇ ಆಧಾರವೆಂಬುದನ್ನು ಹಿಡಿದು ಕಾನ್ಪುರದ ತಾಂತ್ರಿಕ ಸಂಸ್ಥೆಯಲ್ಲಿಯೂ ಕೆಲಸ ನಡೆದಿದ್ದಿತು. ಕೇಂದ್ರಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ೧೯೮೬ರಲ್ಲಿ ಎಲ್ಲ ಲಿಪಿಗಳಿಗೂ ಸಮಾನವಾದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯನ್ನು ಪ್ರಮಾಣೀಕರಿಸಿತು. ಅಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ; ಇಂಗ್ಲಿಷ್ ಅಕ್ಷರಗಳ ಹಂಗು ಅದಕ್ಕಿಲ್ಲ. ಶಾಸ್ತ್ರದೃಷ್ಟಿಯಿಂದ ಅದು ಹೆಚ್ಚು ಶುದ್ಧವಾದುದೆಂದು ಒಪ್ಪಬೇಕು. ಆದರೆ ಅದರಲ್ಲಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆಬೇರೆ ಸ್ಥಾನಗಳು. ಇದರ ಫಲವಾಗಿ ೨೬ ಕೀಲಿಗಳು ಸಾಲದೆ ವಿರಾಮಚಿಹ್ನೆಗಳ ಕೀಲಿಗಳನ್ನೂ ಅಕ್ಷರಗಳು ಆಕ್ರಮಿಸಿಕೊಂಡವು. ಅಲ್ಲದೆ ಅದನ್ನು ಕಲಿಯಲು ಹೊಸದಾಗಿ ಅಭ್ಯಾಸ ಮಾಡಲೇಬೇಕು. ಪದ್ಮನಾಭರಾಯರದು ಇಂಗ್ಲಿಷ್ ಕೀಲಿಗಳನ್ನು ಬಲ್ಲವನಿಗೆ ಒಂದೆರಡು ದಿನಗಳಲ್ಲಿ ಕೈಗೂಡುತ್ತದೆ. ಈ ಗುಣದ ಹಿಂದೆಯೇ ಅದರ ದೋಷವೂ ಇದೆ. ಇಂಗ್ಲಿಷ್ ಬಾರದವನಿಗೆ ಕೆ ಎಂಬಲ್ಲಿ ಕಕಾರವಿರುವುದರಿಂದ ಯಾವ ಸಹಾಯವೂ ಇಲ್ಲ; ಕ್ಯೂ ಎಂಬಲ್ಲಿ ಟಕಾರವಿರುವುದಂತೂ ಇಂಗ್ಲಿಷ್ ಬಲ್ಲವನಿಗೂ ಬಾಯಿಪಾಠದ ವಿಷಯವೇ.

ಇನ್ನೊಂದು ಪದ್ಧತಿಯು ರೋಮನ್ ಲಿಪ್ಯಂತರದ್ದು. ೧೯೯೮ರಲ್ಲಿ ಬಂದ ‘ಬರಹ’ ತಂತ್ರಾಂಶದಿಂದ ಅದು ವಿದೇಶಗಳ ಕನ್ನಡಿಗರಲ್ಲಿಯೂ ಮನೆಮಾತಾಯಿತು. ಅಲ್ಲಿ ಅಕಾರವನ್ನೂ ಒತ್ತಬೇಕು, ಹಲಂತವನ್ನು ಒತ್ತಬೇಕಾಗಿಲ್ಲ. ಎರಡರ ಶ್ರಮವನ್ನು ಹೋಲಿಸಿದರೆ, ಕನ್ನಡ ಎಂಬ ಪದಕ್ಕೆ ಲಿಪ್ಯಂತರದಲ್ಲಿ ಏಳು ಒತ್ತುಗಳು, ಪದ್ಮನಾಭರಾಯರ ಮಣೆಯಲ್ಲಿ ಐದು. ಕಾರ್ಗಲ್ ಎಂಬುದಕ್ಕೆ ಲಿಪ್ಯಂತರದಲ್ಲಿ ಆರು, ಅವರ ಮಣೆಯಲ್ಲಿ ಏಳು. ಅಕಾರವು ಹೆಚ್ಚಾಗಿ ಬರುವ ಅಚ್ಚಗನ್ನಡ ಮತ್ತು ಸಂಸ್ಕೃತ ಶಬ್ದಗಳಲ್ಲಿ ರಾಯರ ಯೋಜನೆಗೆ ಲಾಭ. ವ್ಯಂಜನಾಂತವಾದ ಹೆಸರುಗಳಲ್ಲಿಯೂ ಇಂಗ್ಲಿಷಿನಿಂದ ಬಂದ ಶಬ್ದಗಳಲ್ಲಿಯೂ ಲಿಪ್ಯಂತರಕ್ಕೆ ಲಾಭ. ಒತ್ತುಗಳ ಎಣಿಕೆಗಿಂತ ಮುಖ್ಯವಾದುದು ಇನ್ನೊಂದಿದೆ. ಲಿಪ್ಯಂತರದಲ್ಲಿ ಬರೆಯುವವನು ಕನ್ನಡ ಶಬ್ದವನ್ನು ಮನಸ್ಸಿನಲ್ಲಿ ರೋಮನ್ ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತಾನೆ. ಪದ್ಮನಾಭರಾಯರ ಮಣೆಯಲ್ಲಿ ಅವನು ಬಿಡಿಸಿಕೊಳ್ಳುವುದು ಶಾಲೆಯಲ್ಲಿ ಕಲಿತ ವ್ಯಂಜನ, ಸ್ವರ, ಒತ್ತುಗಳಾಗಿಯೇ. ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರವು ಬರಿಯ ಮನೆಯ ಸಂಖ್ಯೆಯಂತೆ, ದಿನ ಕಳೆದಂತೆ ಮರೆತುಹೋಗುವಂತಹುದು.

ಈ ಕೀಲಿಮಣೆಯನ್ನೊಳಗೊಂಡ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರು (೧೯೦೨–೧೯೯೬) ದಕ್ಷಿಣ ಕನ್ನಡದ ವಿದ್ವಾಂಸರು. ಛಂದಸ್ಸು, ಶಬ್ದಮೂಲ, ಕನ್ನಡದ ವರ್ಣಗಳು ಇವುಗಳ ಕುರಿತು ಅವರು ನಡೆಸಿದ ವಿಚಾರವು ಪಂಡಿತರಿಗೆ ಸುಪರಿಚಿತ. ಯಂತ್ರದೊಳಗಿನ ಕೆಲಸಕ್ಕೆ ವರ್ಣಶಾಸ್ತ್ರಜ್ಞರೊಬ್ಬರ ಹೆಸರನ್ನು ಇಟ್ಟುದು ಬರಿಯ ಗೌರವಸೂಚನೆಯಲ್ಲ. ತಮ್ಮ ಕೆಲಸವು ಯಾವ ಪರಂಪರೆಗೆ ಸೇರಿದುದೆಂದು ಪದ್ಮನಾಭರಾಯರು ತಿಳಿದಿದ್ದರೆಂಬುದಕ್ಕೆ ಅದೇ ಸಾಕ್ಷಿ. ಕಂಪನಿಗಳಲ್ಲಿ ಕೆಲಸಮಾಡಿದವರಾಗಿಯೂ ಅವರು ಈ ಯೋಜನೆಯನ್ನು ಮಾರಾಟದ ವಸ್ತುವನ್ನಾಗಿ ಮಾಡಲಿಲ್ಲ. ಬೇಕಾದವರೆಲ್ಲ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಮುಂದೆ ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು.

ತೊಂಬತ್ತರ ದಶಕದಲ್ಲಿ ಕನ್ನಡದ ತಂತ್ರಾಂಶಗಳು ಹಲವಾದುವು. ಒಂದೊಂದಕ್ಕೂ ಅದರದೇ ಕೀಲಿಮಣೆ. ಒಂದು ಕಚೇರಿಯಲ್ಲಿ ಕಲಿತವನು ಇನ್ನೊಂದು ಕಚೇರಿಯಲ್ಲಿ ಅಕ್ಷರಾಭ್ಯಾಸವನ್ನು ಮೊದಲಿನಿಂದ ಮಾಡಬೇಕಾಗುತ್ತಿದ್ದಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭) ಮೊದಲಾದ ಸಾಹಿತಿಗಳೂ ಗಣಕದಲ್ಲಿಯ ಕನ್ನಡದ ಹೊಣೆಯನ್ನು ಸರಕಾರವು ಹೊರಬೇಕೆಂದು ಪಟ್ಟುಹಿಡಿದರು. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು ಪದ್ಮನಾಭರಾಯರ ವಿನ್ಯಾಸವನ್ನೇ ರಾಜ್ಯದ ಪ್ರಮಾಣ ಕೀಲಿಮಣೆಯನ್ನಾಗಿ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಅದು ತಾಲ್ಲೂಕು ಕಚೇರಿಗಳವರೆಗೂ ಹಬ್ಬಿತು.

ಕೀಲಿಮಣೆಯ ಪ್ರಶ್ನೆಯು ತೀರಿದರೂ ಆ ಕಾಲದ ಇನ್ನೊಂದು ದೋಷವು ತೀರಲಿಲ್ಲ. ಬೆರಳು ಒತ್ತುತ್ತಿದ್ದುದು ಧ್ವನಿಯ ಕ್ರಮದಲ್ಲಿ. ಆದರೆ ಅಂದಿನ ತಂತ್ರಾಂಶಗಳು ಕಡತದಲ್ಲಿ ಕೂಡಿಡುತ್ತಿದ್ದುದು ಮತ್ತೆ ಆಕಾರದ ತುಂಡುಗಳನ್ನೇ. ಅಕ್ಷರರೂಪಗಳ ಕಡತವಿಲ್ಲದ ಯಂತ್ರದಲ್ಲಿ ತೆರೆದರೆ ಅದೇ ದಸ್ತೈವಜು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದಿತು. ತುಂಡುಗಳಾಗಿ ಕೂಡಿಟ್ಟ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸುವುದೂ ಕಷ್ಟ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದಿತಷ್ಟೆ. ಅಂತಹ ಗ್ರಂಥವನ್ನು ಯಂತ್ರದಿಂದ ವಿಂಗಡಿಸಬೇಕಾದರೆ ಕಾರ್ಗಲ್ ಎಂಬ ಹೆಸರಿನಲ್ಲಿ ರೇಫವು ಗಕಾರಕ್ಕಿಂತ ಮೊದಲಿದೆಯೆಂಬುದು ಯಂತ್ರಕ್ಕೆ ತಿಳಿದಿರಬೇಕು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಸಂಕೇತಕ್ರಮವು ಭಾರತೀಯ ಪ್ರಮಾಣವನ್ನು ಅನುಸರಿಸಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಕೊಟ್ಟಿದ್ದಿತು. ಅದರಲ್ಲಿ ಕೂಡಿಡುವುದು ಧ್ವನಿಯ ಕ್ರಮದಲ್ಲಿಯೇ. ಬಳಕೆಯು ನಿಧಾನವಾಗಿ ಅದರ ಕಡೆಗೆ ತಿರುಗಿದ ಮೇಲೆ ಒತ್ತುವ ಕ್ರಮವೂ ಕೂಡಿಡುವ ಕ್ರಮವೂ ಒಂದಾದುವು. ಆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿಯೂ ಒಂದು ತಪ್ಪು ನುಸುಳಿರುವುದನ್ನು ಹಳಗನ್ನಡದ ಅಭ್ಯಾಸಿಗಳು ಗಮನಿಸಬೇಕು. ಪಂಪ ರನ್ನರ ಕಾವ್ಯಗಳಿಗೆ ಅನಿವಾರ್ಯವಾದ ೞಕಾರಕ್ಕೆ ಅಲ್ಲಿ ಸ್ಥಾನವೇನೋ ಇದೆ. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರನ್ನು ಬರೆದಿರುವುದು ‘ಫ’ ಎಂದು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ, ತಪ್ಪನ್ನು ಒಪ್ಪಿ ಪಕ್ಕದಲ್ಲಿ ಉಪನಾಮವೊಂದನ್ನು ಸೇರಿಸಿದ್ದಾರೆಯೇ ಹೊರತು ಮೂಲದ ಹೆಸರು ಹಾಗೆಯೇ ನಿಂತಿದೆ.

ಹೆಸರುಗಳ ವಿಷಯ ಬಂದುದರಿಂದ ಇದನ್ನೂ ಹೇಳಬೇಕು. ವಿಶ್ವವಿದ್ಯಾಲಯದ ಸಂಶೋಧಕನು ಲೇಖನಗಳನ್ನು ಬರೆಯುತ್ತಾನೆ. ಅವನ ವಿಚಾರವನ್ನು ಬಳಸಿದವರು ಅವನ ಹೆಸರನ್ನು ಹೇಳುವುದು ವಾಡಿಕೆ. ಉದ್ಯಮದ ಸಂಶೋಧಕನ ಫಲವು ಯಂತ್ರದೊಳಗೆ ಸೇರಿಹೋಗುತ್ತದೆ. ಪ್ರತಿದಿನವೂ ಎಫ್ ಕೀಲಿಯನ್ನೊತ್ತಿ ಒತ್ತಕ್ಷರವನ್ನು ಬರೆಯುವ ಗುಮಾಸ್ತರಲ್ಲಿ ಹೆಚ್ಚಿನವರು ಅದನ್ನು ‘ನುಡಿ’ಯ ಕೀಲಿಮಣೆಯೆಂದೇ ತಿಳಿದಿದ್ದಾರೆ. ಲಿನಕ್ಸ್ ವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯಲ್ಲಿ ಈ ವಿನ್ಯಾಸವು ‘ಕಗಪ’ ಎಂಬ ಹೆಸರಿನಲ್ಲಿ ಸೇರಿದೆ. ಅದು ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದಾದುದು. ಅದೇ ಪಟ್ಟಿಯಲ್ಲಿ ತೆಲುಗು, ಹಿಂದಿ, ಮರಾಠಿ ಮತ್ತು ಸಂಸ್ಕೃತ ಭಾಷೆಗಳಿಗೂ ಕಗಪ ಎಂಬ ಒಂದೊಂದು ಕೀಲಿಮಣೆಯಿರುವುದು.